15 ಒತ್ತಿದರೆ 14 ಬರುವ ಅರ್ಜಿ

ಸಂಪಾದಕರೇ,

ಮೊನ್ನೆ ದಾವಣಗೆರೆ ಪಿ.ಜೆ. ಬಡಾವಣೆಯ ಸೈಬರ್ ಸೆಂಟರ್‌ನಲ್ಲಿ ಮಗಳ ಅರ್ಜಿ ತುಂಬಿದೆ. ಹುಟ್ಟಿದ ತಾರೀಕು 15 ಅಂತ ಒತ್ತಿದರೆ ಪ್ರಿಂಟ್‌ನಲ್ಲಿ 14! ಮೂರು ಸಲ ತಿದ್ದಿದರೂ ಅದೇ. ‘ನೀವೇ ತಪ್ಪು ಒತ್ತಿರಬೇಕು ಸಾರ್’ ಅಂದ ಹುಡುಗ.

ಅಲ್ಲಪ್ಪಾ. ನಮ್ಮ ಗಡಿಯಾರ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ. ಇಲ್ಲಿ 15ನೇ ತಾರೀಕು ಶುರುವಾಗುವ ಮಧ್ಯರಾತ್ರಿ 12ಕ್ಕೆ ಅಲ್ಲಿನ್ನೂ 14ರ ಸಂಜೆ 6.30, ವೆಬ್‌ಸೈಟ್ ನಾವು ಒತ್ತಿದ ತಾರೀಕನ್ನು ಮಧ್ಯರಾತ್ರಿ 12 ಗಂಟೆ ಅಂತ ಹಿಡಿದು ಯುಟಿಸಿಗೆ ಬದಲಿಸಿಕೊಂಡು ತಾರೀಕು ಮಾತ್ರ ಉಳಿಸಿಕೊಂಡರೆ ಒಂದು ದಿನ ಮಾಯ. ಹುಟ್ಟಿದ ದಿನಕ್ಕೆ ಗಂಟೆ ಯಾಕೆ ಬೇಕು ಹೇಳಿ? ತಾರೀಕನ್ನು ತಾರೀಕಾಗಿಯೇ ಇಡಲಿ. ಅರ್ಜಿ ಹಾಕುವ ಕೊನೆಯ ದಿನದ ಲೆಕ್ಕಕ್ಕೆ ‘ಏಷ್ಯಾ/ಕೋಲ್ಕತ್ತಾ’ (ಕಂಪ್ಯೂಟರ್‌ನಲ್ಲಿ ಭಾರತದ ಸಮಯಕ್ಕಿರುವ ಹೆಸರು) ಟೈಮ್‌ಝೋನ್ ಹಾಕಲಿ. ಸುಮ್ನೆ ಐದೂವರೆ ಗಂಟೆ ಕೂಡಿಸಿ ತೇಪೆ ಹಚ್ಚಿದರೆ ಸರ್ವರ್ ಬದಲಾದಾಗ ಮತ್ತೆ ಕೆಡುತ್ತದೆ.

ತಿದ್ದುಪಡಿಗೆ ಬೇರೆ ಅರ್ಜಿ ಹಾಕಬೇಕಂತೆ. ಹಾಕಿದೆ. ಅದರಲ್ಲೂ 14.

– ಓದುಗ, ದಾವಣಗೆರೆ