ಅಜ್ಜನ ಮಳೆ ಪುಸ್ತಕ ಮತ್ತು ನನ್ನ ಓದು

ಲಿಂಟ್ಸ್, ಆಸ್ಟ್ರಿಯಾ
ಫೆಬ್ರುವರಿ ಎರಡನೆಯ ವಾರ

ತೀರ್ಥರೂಪರಾದ ಅಪ್ಪ, ಅಮ್ಮ ಹಾಗೂ ಪೂಜ್ಯ ಅಜ್ಜನವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ದಿನ ಬಿಟ್ಟು ದಿನ ಫೋನಿನಲ್ಲಿ ಮುಖ ನೋಡುತ್ತಿರುವಾಗ ಕಾಗದ ಬರೆಯುವ ಅಗತ್ಯವೇನಿತ್ತು ಎಂದು ಅಮ್ಮ ಕೇಳಬಹುದು. ತೀರ್ಥಹಳ್ಳಿಯ ಮದುವೆಮನೆಯಲ್ಲಿ ಯಾರೋ "ಮಗಳು ಏನು ಓದುತ್ತಿದ್ದಾಳೆ" ಎಂದು ವಿಚಾರಿಸಿದಾಗ "ಅದೇನೋ ಕಂಪ್ಯೂಟರಿನದ್ದು" ಎಂದು ಹೇಳಿ ಮಾತು ಬದಲಿಸಿದೆ ಎಂದು ಕಳೆದ ವಾರ ಅಪ್ಪ ಹೇಳಿದರಲ್ಲ, ಅದು ಅಂದಿನಿಂದ ಮನಸ್ಸಿನಲ್ಲೇ ಉಳಿದಿದೆ. ತಪ್ಪು ಅಪ್ಪನದಲ್ಲ. ವೀಸಾಕ್ಕೆಂದು ಓಡಾಡುವಾಗಲೂ, ಇಲ್ಲಿಗೆ ಬಂದ ಮೇಲೂ, ನೆಟ್‌ವರ್ಕ್ ಹೋಗುವುದರೊಳಗೆ ಮಾತು ಮುಗಿಸುವ ಆತುರದಲ್ಲಿ ನಾನೂ ನಿಮಗೆ ಹೇಳಿದ್ದು ಅಷ್ಟೇ. ಮೊದಲ ಸೆಮಿಸ್ಟರ್ ಮುಗಿದಿದೆ, ಮುಂದಿನ ತರಗತಿಗಳು ಮಾರ್ಚಿಗೆ ಶುರುವಾಗುತ್ತವೆ. ನಡುವಿನ ಈ ಬಿಡುವಿನಲ್ಲಿ ವಿಷಯವನ್ನು ಸಾವಧಾನವಾಗಿ ತಿಳಿಸಬೇಕೆಂದು ಕುಳಿತಿದ್ದೇನೆ. ಕೊನೆಯಲ್ಲಿ ಅಜ್ಜನಿಂದ ಒಂದು ಉಪಕಾರವೂ ಆಗಬೇಕಾಗಿದೆ.

ನಾನು ಓದುತ್ತಿರುವ ಸ್ನಾತಕೋತ್ತರ ಪದವಿಯ ವಿಷಯ ಇಂಟರ್ಯಾಕ್ಟಿವ್ ಮೀಡಿಯಾ. ಕನ್ನಡದಲ್ಲಿ ಸ್ಪಂದಿಸುವ ಮಾಧ್ಯಮ ಎನ್ನಬಹುದೇನೋ. ಆದರೆ ನನಗೆ ಅದಕ್ಕಿಂತ ಚೆನ್ನಾಗಿ ಹೊಂದುವುದು ನಮ್ಮ ತೋಟದ ಏರಿಯ ಮೇಲೆ ಬೆಳೆಯುವ ಮುಟ್ಟಿದರೆ ಮುನಿ ಗಿಡದ ಹೆಸರು. ಆ ಗಿಡ ಇತರ ಗಿಡಗಳಿಗಿಂತ ಚಂದವೇನಲ್ಲ, ಆದರೆ ಮುಟ್ಟಿದ ಕೂಡಲೇ ಎಲೆ ಮುದುಡುವುದರಿಂದ ಮಕ್ಕಳೆಲ್ಲ ಅದರ ಮುಂದೆಯೇ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಟಿ.ವಿ.ಯಲ್ಲಿ ಬರುವ ಚಿತ್ರಕ್ಕೆ ನೀವು ಎದುರಿಗಿದ್ದೀರೋ, ಎದ್ದು ಕೊಟ್ಟಿಗೆಗೆ ಹೋದಿರೋ ಎಂಬುದು ಗೊತ್ತಾಗುವುದಿಲ್ಲ, ಅದು ತನ್ನ ಪಾಡಿಗೆ ಓಡುತ್ತಿರುತ್ತದೆ. ಎದುರಿಗೆ ಮನುಷ್ಯ ಬಂದದ್ದು, ನಿಂತದ್ದು, ಕೈಚಾಚಿದ್ದು ತಿಳಿದು ಅದಕ್ಕೆ ತಕ್ಕಂತೆ ಬದಲಾಗುವ ಚಿತ್ರ, ಶಬ್ದ, ಬೆಳಕು ಅಥವಾ ವಸ್ತುವನ್ನು ಮಾಡುವುದು ನಮ್ಮ ಓದು.

ಈ ಹೋಲಿಕೆ ನನಗೆ ತೋಚಿದ್ದು ಸುಮ್ಮನೆ ಅಲ್ಲ. ನಮ್ಮ ವಿಭಾಗದ ಹೆಸರು ಇಂಟರ್‌ಫೇಸ್ ಕಲ್ಚರ್ಸ್. 2004ರಲ್ಲಿ ಅದನ್ನು ಸ್ಥಾಪಿಸಿದ ಕ್ರಿಸ್ಟಾ ಸೊಮ್ಮೆರರ್ ಮತ್ತು ಲೋರಾಂ ಮಿನ್ಯೋನೋ ಎಂಬ ಇಬ್ಬರು ಕಲಾವಿದರು 1992ರಲ್ಲಿ ಕುಂಡದಲ್ಲಿ ನಿಜವಾದ ಗಿಡಗಳನ್ನು ಇಟ್ಟು ಒಂದು ಕೃತಿ ಮಾಡಿದ್ದರು. ನೋಡಲು ಬಂದವರು ಗಿಡದ ಬಳಿ ಕೈ ತಂದರೆ, ಎಲೆಯನ್ನು ಸವರಿದರೆ, ಮನುಷ್ಯನ ಮೈಗೂ ಗಿಡಕ್ಕೂ ನಡುವಿನ ವಿದ್ಯುತ್ ವಿಭವದ (ವೋಲ್ಟೇಜಿನ) ಸೂಕ್ಷ್ಮ ವ್ಯತ್ಯಾಸವನ್ನು ಕಂಪ್ಯೂಟರ್ ಅಳೆದು, ಎದುರಿನ ಪರದೆಯ ಮೇಲೆ ಗಿಡಗಳನ್ನು ಬೆಳೆಸುತ್ತಿತ್ತು. ಮೌಸೂ ಇಲ್ಲ, ಕೀಲಿಮಣೆಯೂ ಇಲ್ಲ, ಗಿಡವೇ ಗುಂಡಿ. ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಆ ಕೆಲಸದ ವಿಷಯ ತರಗತಿಯಲ್ಲಿ ಬಂದ ದಿನವೇ ನಾನು ಸರಿಯಾದ ಜಾಗಕ್ಕೆ ಬಂದಿದ್ದೇನೆ ಎಂದು ನನಗೆ ಧೈರ್ಯ ಬಂದದ್ದು.

ಊರಿನ ಬಗ್ಗೆಯೂ ಒಂದು ಮಾತು. ದೊಡ್ಡಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿದ್ದಾಗ ಉಕ್ಕು ಮಾಡುವ ಎಲ್.ಡಿ. ವಿಧಾನದ ಬಗ್ಗೆ ಹೇಳುತ್ತಿದ್ದರು, ನೆನಪಿರಬಹುದು. ಅದರ 'ಎಲ್' ಎಂದರೆ ಇದೇ ಲಿಂಟ್ಸ್. ಕಾದ ಕಬ್ಬಿಣದ ರಸಕ್ಕೆ ಶುದ್ಧ ಆಮ್ಲಜನಕವನ್ನು ಊದಿ ಉಕ್ಕು ಮಾಡುವ ಆ ಕೆಲಸ ಇಲ್ಲಿ 1952ರಲ್ಲಿ ದೊಡ್ಡ ಪ್ರಮಾಣದಲ್ಲಿ ಆರಂಭವಾಯಿತಂತೆ. ಅಂಥ ಉಕ್ಕಿನ ಊರು 1979ರಲ್ಲಿ ಆರ್ಸ್ ಎಲೆಕ್ಟ್ರಾನಿಕಾ ಎಂಬ ಉತ್ಸವವನ್ನು ಶುರುಮಾಡಿ, ಕಲೆ ಮತ್ತು ತಂತ್ರಜ್ಞಾನ ಸೇರುವ ಕೆಲಸಗಳಿಗೆ ಜಗತ್ತಿನಲ್ಲೇ ಹೆಸರಾಯಿತು. ಡ್ಯಾನ್ಯೂಬ್ ನದಿಯ ಈ ದಡದ ದೊಡ್ಡ ಚೌಕದಲ್ಲಿ ನಮ್ಮ ವಿಶ್ವವಿದ್ಯಾಲಯ, ಸೇತುವೆ ದಾಟಿದರೆ ಆ ಉತ್ಸವದವರ ವಸ್ತುಸಂಗ್ರಹಾಲಯ. ತುಂಗೆಯ ಸೇತುವೆ ದಾಟುವಷ್ಟೇ ಹೊತ್ತು, ಆದರೆ ಜನವರಿಯ ಗಾಳಿಗೆ ಕಿವಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕು.

ತರಗತಿಗಳಲ್ಲಿ ಅರ್ಧ ಇತಿಹಾಸ, ಅರ್ಧ ಕೈಕೆಲಸ. ಇತಿಹಾಸದಲ್ಲಿ, 1963ರಲ್ಲಿ ಐವನ್ ಸದರ್ಲೆಂಡ್ ಎಂಬಾತ ಪರದೆಯ ಮೇಲೆಯೇ ಬೆಳಕಿನ ಲೇಖನಿಯಿಂದ ಗೆರೆ ಎಳೆದದ್ದರಿಂದ ಹಿಡಿದು, 1968ರ ಡಿಸೆಂಬರ್ 9ರಂದು ಡಗ್ಲಾಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೌಸ್ ಎಂಬ ಪುಟ್ಟ ಪೆಟ್ಟಿಗೆಯನ್ನು ಸಭೆಯ ಮುಂದೆ ಆಡಿಸಿ ತೋರಿಸಿದ್ದರವರೆಗೆ ಓದಿದ್ದಾಯಿತು. ಕೈಕೆಲಸಕ್ಕೆ ಆರ್ಡುಯಿನೋ ಎಂಬ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ, ಪುಟ್ಟ ಕಂಪ್ಯೂಟರಿನಂಥ ಸರ್ಕ್ಯೂಟ್ ಹಲಗೆ ಇದೆ. 2005ರಲ್ಲಿ ಇಟಲಿಯ ಇವ್ರೇಯಾ ಎಂಬ ಊರಿನ ವಿನ್ಯಾಸ ಶಾಲೆಯಲ್ಲಿ, ಎಂಜಿನಿಯರಿಂಗ್ ಓದದ ವಿದ್ಯಾರ್ಥಿಗಳೂ ಬಳಸಲಿ ಎಂದು ಹುಟ್ಟಿದ್ದು ಅದು. ಬೆಸುಗೆ ಹಾಕುವುದನ್ನು ಕಲಿತೆ, ಎರಡು ಬೆರಳು ಸುಟ್ಟುಕೊಂಡೆ, ಅದನ್ನು ಇಷ್ಟು ದಿನ ನಿಮಗೆ ಹೇಳಿರಲಿಲ್ಲ.

ಇನ್ನು ಸೆಮಿಸ್ಟರಿನ ಕೊನೆಗೆ ನಾನು ಮಾಡಿದ ಕೆಲಸದ ವಿಷಯ. ತಮ್ಮ ಕಳುಹಿಸಿದ ಅಜ್ಜನ ಮಳೆ ಪುಸ್ತಕದ ಫೋಟೋಗಳನ್ನು ನೋಡುತ್ತ ಕುಳಿತಾಗ ಇದು ಹೊಳೆಯಿತು. ದಿನಕ್ಕೊಂದು ಸಾಲು, ಪ್ರತಿ ಸಾಲಿನಲ್ಲಿ ನಕ್ಷತ್ರದ ಹೆಸರು, ಇಂಚು, ಸೆಂಟ್ಸು (ಇಂಚಿನ ನೂರನೆಯ ಒಂದು ಭಾಗ). ಪುನರ್ವಸು ಮಳೆಯ ಒಂದು ದಿನದ ಎದುರಿಗೆ "6 ಇಂಚು 20 ಸೆಂಟ್ಸ್" ಎಂದಿದೆ, ಅಂದರೆ 157 ಮಿ.ಮೀ.ಗಿಂತ ಹೆಚ್ಚು. ಈ ಊರಿನಲ್ಲಿ ಇಡೀ ವರ್ಷ ಬೀಳುವುದು ಸುಮಾರು 800 ಮಿ.ಮೀ. ಮಾತ್ರ, ನಮ್ಮ ಆಗುಂಬೆಯ ವಾರ್ಷಿಕ ಸರಾಸರಿ 7000 ಮಿ.ಮೀ. ದಾಟುತ್ತದೆ ಎಂದಾಗ ಸಹಪಾಠಿಗಳು ನಾನು ಒಂದು ಸೊನ್ನೆ ಹೆಚ್ಚು ಹಾಕಿದ್ದೇನೆ ಎಂದುಕೊಂಡರು. ಅಂಕಿಯನ್ನು ಹೇಳಿದರೆ ನಂಬದವರಿಗೆ ಆ ಮಳೆಯ ಒಳಗೆ ನಿಲ್ಲುವ ಅನುಭವವನ್ನೇ ಕೊಟ್ಟರೆ ಹೇಗೆ ಎಂದು ಯೋಚಿಸಿ, ಕತ್ತಲೆ ಕೋಣೆಯಲ್ಲಿ, ಮಳೆಗೆ ತಲೆ, ಬೆನ್ನು ಮುಚ್ಚಲು ನಮ್ಮಲ್ಲಿ ಬಿದಿರಿನಿಂದ ಹೆಣೆಯುವ ಗೊರಬೊಂದನ್ನು ತೂಗುಹಾಕಿದೆ. ಅದರಡಿ ಯಾರಾದರೂ ಬಂದು ನಿಂತರೆ ಅಜ್ಜನ ಪುಸ್ತಕದ ಒಂದು ದಿನದ ಮಳೆ ಸುತ್ತಲಿನ ಸ್ಪೀಕರುಗಳಲ್ಲಿ ಬೀಳತೊಡಗಬೇಕು, ಹೊರಗೆ ಸರಿದರೆ ನಿಲ್ಲಬೇಕು. ಇಲ್ಲಿ ಬಿದಿರು ಸುಲಭವಾಗಿ ಸಿಗದೆ, ಬುಟ್ಟಿ ಹೆಣೆಯುವ ವಿಲ್ಲೋ ಕಡ್ಡಿಗಳಿಂದ ಹಂದರ ಕಟ್ಟಿದ್ದೆ. ವಿಡಿಯೋ ಕರೆಯಲ್ಲಿ ಅಮ್ಮ ಅದನ್ನು ನೋಡಿ ಕೋಳಿಗೂಡೇ ಎಂದು ಕೇಳಿದ್ದು ಇದನ್ನೇ.

ಮನುಷ್ಯ ಬಂದದ್ದನ್ನು ತಿಳಿಯಲು ಎದೆಯ ಎತ್ತರಕ್ಕೆ ಒಂದು ಅಲ್ಟ್ರಾಸಾನಿಕ್ ಸೆನ್ಸರ್ ಇಟ್ಟಿದ್ದೆ. ನಮ್ಮ ಅಟ್ಟದ ಕಣ್ಣಕಪ್ಪಡಿಗಳು (ಬಾವಲಿಗಳು) ಕತ್ತಲಲ್ಲಿ ಹುಳ ಹಿಡಿಯುವ ಉಪಾಯವೇ ಇದರದ್ದೂ: ಮನುಷ್ಯರ ಕಿವಿಗೆ ಕೇಳಿಸದ, ಸೆಕೆಂಡಿಗೆ 40,000 ಕಂಪನಗಳ ಶಬ್ದವನ್ನು ಹೊರಡಿಸಿ, ಅದು ಎದುರಿನ ವಸ್ತುವಿಗೆ ಬಡಿದು ಮರಳುವ ಹೊತ್ತನ್ನು ಎಣಿಸುತ್ತದೆ. ಒಂದು ಮೀಟರ್ ದೂರದಲ್ಲಿ ಯಾರಾದರೂ ನಿಂತಿದ್ದರೆ ಪ್ರತಿಧ್ವನಿ ಬರಲು ಸುಮಾರು 6 ಮಿಲಿಸೆಕೆಂಡ್. ಎಣಿಕೆ ಆಗೊಮ್ಮೆ ಈಗೊಮ್ಮೆ ಜಿಗಿಯುತ್ತಿದ್ದುದರಿಂದ, ನಾನು ಜಾಣತನ ಮಾಡಿದೆನೆಂದುಕೊಂಡು ಹತ್ತು ಅಳತೆಗಳ ಸರಾಸರಿ ತೆಗೆಯುವಂತೆ ಪ್ರೋಗ್ರಾಂ ಬರೆದೆ. ಎರಡು ಅಳತೆಗಳ ನಡುವೆ 60 ಮಿಲಿಸೆಕೆಂಡ್ ಬಿಡಬೇಕಾದ್ದರಿಂದ, ಒಟ್ಟು ಅರ್ಧ ಸೆಕೆಂಡಿಗಿಂತ ಹೆಚ್ಚು ತಡವಾಯಿತು. ಕೇಳಲು ಅದೇನು ಮಹಾ ಎನ್ನಿಸುತ್ತದೆ. ಆದರೆ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ ಉತ್ತರ ಬಂದರೆ ಮಾತ್ರ "ಇದು ನನ್ನಿಂದಲೇ ಆಯಿತು" ಎಂದು ಮನಸ್ಸು ಒಪ್ಪುತ್ತದೆಯಂತೆ. ಯಕ್ಷಗಾನ ನೋಡಿ ಬೆಳೆದ ನನಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ವೇಷಧಾರಿಯ ಹೆಜ್ಜೆಗೂ ಚಂಡೆಯ ಪೆಟ್ಟಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿದ್ದರೂ ಅಜ್ಜ ಕೂತಲ್ಲೇ ಮುಖ ಸಿಂಡರಿಸುವುದನ್ನು ನೋಡಿದ್ದೇನೆ. ಸರಾಸರಿಯನ್ನು ಎರಡು ಅಳತೆಗೆ ಇಳಿಸಿದೆ, ಕೆಲಸ ಸರಿಯಾಯಿತು. ಪ್ರಯೋಗಾಲಯದಲ್ಲಿ ನೂರು ಸಲ ನಿಂತು ನೋಡಿದೆ, ನೂರು ಸಲವೂ ಮಳೆ ಬಂತು.

ನಮ್ಮಲ್ಲಿ ಒಂದು ಕಟ್ಟುನಿಟ್ಟಾದ ರೂಢಿ ಇದೆ. ಹೊರಗಿನವರು ಬಂದು ಕೃತಿಯನ್ನು ನೋಡುವ ದಿನ, ಮಾಡಿದವರು ಪಕ್ಕದಲ್ಲೇ ನೋಟ್‌ಪುಸ್ತಕ ಹಿಡಿದು ನಿಲ್ಲಬೇಕು, ಬಾಯಿ ತೆರೆಯಬಾರದು. "ಇಲ್ಲಿ ನಿಲ್ಲಿ", "ಸ್ವಲ್ಪ ಹತ್ತಿರ ಬನ್ನಿ" ಎಂದು ಹೇಳಿದರೆ ಪರೀಕ್ಷೆ ಕೆಟ್ಟಂತೆ, ಏಕೆಂದರೆ ಪ್ರದರ್ಶನದಲ್ಲಿ ಪ್ರತಿಯೊಬ್ಬರ ಬೆನ್ನಹಿಂದೆ ನಾವು ನಿಂತಿರುವುದಿಲ್ಲ. ಜನವರಿಯ ಆ ದಿನ ಮೊದಲು ಬಂದವರು ಅಜ್ಜನ ವಯಸ್ಸಿನ ಒಬ್ಬ ವೃದ್ಧೆ. ಮೊಣಕಾಲಿನ ಕೆಳಗಿನವರೆಗೆ ಇಳಿದ ದಪ್ಪ ಉಣ್ಣೆಯ ಕೋಟು, ಕುತ್ತಿಗೆಗೆ ಎರಡು ಸುತ್ತು ಶಾಲು. ಗೊರಬಿನ ಕೆಳಗೆ ಸರಿಯಾಗಿಯೇ ನಿಂತರು. ಮಳೆ ಬರಲಿಲ್ಲ. ಒಂದು ಹನಿ ಸದ್ದಾಗಿ ನಿಂತಿತು. ಅವರು ತಲೆಯೆತ್ತಿ ನೋಡಿದರು, ಹೆಣಿಗೆಯನ್ನು ಬೆರಳಿನಿಂದ ಸವರಿದರು, ಮೂಸಿಯೂ ನೋಡಿದರು. ಮೂರು ನಿಮಿಷ ಇದ್ದರೇನೋ, ನನಗೆ ಮೂರು ಮಳೆಗಾಲ ಕಳೆದಂತಾಯಿತು. ಹೋಗುವಾಗ ಬಹಳ ಮರ್ಯಾದೆಯಿಂದ, ಬುಟ್ಟಿ ಚೆನ್ನಾಗಿದೆ ಎಂದು ಹೇಳಿ ಹೋದರು.

ದಪ್ಪ ಉಣ್ಣೆ ಶಬ್ದವನ್ನು ಹೀರಿಕೊಳ್ಳುತ್ತದೆ, ಪ್ರತಿಧ್ವನಿ ಮರಳುವುದೇ ಇಲ್ಲ. ಹೀಟರ್ ಹಾಕಿದ ಕೋಣೆಯಲ್ಲಿ ಹತ್ತಿಯ ಅಂಗಿ ತೊಟ್ಟ ನನ್ನನ್ನು ನಾನೇ ನೂರು ಸಲ ಪರೀಕ್ಷಿಸಿಕೊಂಡವಳಿಗೆ, ಹೊರಗಿನಿಂದ ಬರುವವರು ಚಳಿಗೆ ಉಣ್ಣೆ ಹೊದ್ದು ಬರುತ್ತಾರೆ ಎಂಬುದು ಹೊಳೆಯಲಿಲ್ಲ. ಅದಕ್ಕಿಂತ ನಾಚಿಕೆಯಾದದ್ದು ರಾತ್ರಿ ಕೋಣೆಗೆ ಬಂದ ಮೇಲೆ: ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ತೋಟಕ್ಕೆ ಇಳಿಯುವ ಅಜ್ಜನೇ ಬಂದು ನಿಂತಿದ್ದರೂ, ಅವರದೇ ಪುಸ್ತಕದ ಮಳೆ ಅವರಿಗೆ ಬೀಳುತ್ತಿರಲಿಲ್ಲ. ಯಂತ್ರದ ಮಟ್ಟಿಗೆ ಅಲ್ಲಿ ಯಾರೂ ಇಲ್ಲ.

ಅಂಕ ಕಡಿಮೆಯೇನೂ ಬರಲಿಲ್ಲ, ಕೆಟ್ಟದ್ದು ಏಕೆ ಎಂದು ಸರಿಯಾಗಿ ಬರೆದುಕೊಟ್ಟಿದ್ದಕ್ಕೆ ಒಂದಿಷ್ಟು ಹೆಚ್ಚೇ ಸಿಕ್ಕಿತು. ಆದರೆ ವಿಮರ್ಶೆಯ ವೇಳೆ ಒಬ್ಬ ಅಧ್ಯಾಪಕರು ಕೇಳಿದ ಇನ್ನೊಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಪುಸ್ತಕದಲ್ಲಿ ದಿನಕ್ಕೆ ಒಂದೇ ಅಂಕಿ ಇದೆಯಲ್ಲ, ಆರು ಇಂಚು ಮಳೆ ಬೆಳಗ್ಗೆ ಬಿತ್ತೋ ರಾತ್ರಿ ಬಿತ್ತೋ, ಒಂದೇ ಸಮನೆ ಸುರಿಯಿತೋ ಬಿಟ್ಟು ಬಿಟ್ಟು ಬಂತೋ, ಅದನ್ನು ನಿರ್ಧರಿಸಿದವರು ಯಾರು ಎಂದರು. ನಿರ್ಧರಿಸಿದ್ದು ನಾನು, ಕಂಪ್ಯೂಟರಿನ ಯಾದೃಚ್ಛಿಕ ಸಂಖ್ಯೆಗಳಿಂದ. ಅಂದರೆ ಅಜ್ಜನ ಹೆಸರಿನಲ್ಲಿ ನಾನು ಮಳೆಯನ್ನು ಕಟ್ಟಿ ಹೇಳುತ್ತಿದ್ದೆ. ಮತ್ತೆ ಫೋಟೋಗಳನ್ನು ತೆರೆದು, ಇಷ್ಟು ದಿನ ಅಂಕಿಗಳನ್ನಷ್ಟೇ ಹೆಕ್ಕಿ ಬಿಟ್ಟುಬಿಟ್ಟಿದ್ದ ಅಂಚಿನ ಬರಹವನ್ನು ಓದಿದೆ. "ಸಂಜೆಯಿಂದ ಗಾಳಿ". "ಔಷಧಿ ಹೊಡೆಯಲು ಹೊಳವಾಗಲಿಲ್ಲ". ಆ ಪುನರ್ವಸು ಮಳೆಯ ದಿನದ ಎದುರಿಗೆ "ಸಂಕ ಹೋಯಿತು" ಎಂದು ಎರಡೇ ಶಬ್ದ, ಹಳ್ಳ ದಾಟುವ ಕಾಲುಸೇತುವೆ ಕೊಚ್ಚಿಹೋಯಿತು ಎಂದು.

ಹಾಗಾಗಿ ಈಗ ಗೊರಬು ಉಳಿಯುತ್ತದೆ, ಸೆನ್ಸರ್ ಹೋಗುತ್ತದೆ. ಅದರಡಿಯಲ್ಲಿ ಒಂದು ಮರದ ಸಂಕವನ್ನು ಹಾಕುತ್ತಿದ್ದೇನೆ. ಎರಡೂ ತುದಿಯ ಕೆಳಗೆ ತೂಕ ಅಳೆಯುವ ಲೋಡ್ ಸೆಲ್‌ಗಳು, ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿರುವಂಥವೇ. ಜೊತೆಯ ಎಲೆಕ್ಟ್ರಾನಿಕ್ ಚಿಪ್ ಸಾಧಾರಣವಾಗಿ ಸೆಕೆಂಡಿಗೆ 10 ಸಲ ತೂಗುತ್ತದೆ, ಒಂದು ಕಾಲಿನ ಬೆಸುಗೆ ಬದಲಿಸಿದರೆ 80 ಸಲ. ಬದಲಿಸಿಯಾಗಿದೆ, ಈ ಬಾರಿ ಬೆರಳು ಸುಡಲಿಲ್ಲ. ಉಣ್ಣೆಯೋ ಕಂಬಳಿಯೋ, ಕಾಲಿಟ್ಟವರ ಭಾರ ಹಲಗೆಗೆ ತಿಳಿಯಲೇಬೇಕು. ಒಂದು ತುದಿಯಿಂದ ಇನ್ನೊಂದಕ್ಕೆ ನಡೆದರೆ ಒಂದು ದಿನ ಕಳೆಯುತ್ತದೆ, ಕೆಳಗೆ ಹಳ್ಳದ ಸದ್ದು ಏರುತ್ತದೆ. ಸೆಪ್ಟೆಂಬರಿನ ಉತ್ಸವದಲ್ಲಿ ನಮ್ಮ ವಿಭಾಗದ ವಿದ್ಯಾರ್ಥಿಗಳ ಕೆಲಸಗಳನ್ನು ಇಡುತ್ತಾರೆ, ಆಯ್ಕೆಯಾದರೆ ನನ್ನದೂ ಇರುತ್ತದೆ.

ಈಗ ಉಪಕಾರದ ವಿಷಯ. ಮೃಗಶಿರಾ ಮಳೆ ಹಿಡಿದ ಮೇಲೆ ತಮ್ಮ ನನಗಾಗಿ ಶಬ್ದ ಧ್ವನಿಮುದ್ರಿಸಿ ಕಳುಹಿಸಬೇಕು: ಹೆಂಚಿನ ಮೇಲೆ ಬೀಳುವುದು, ಅಂಗಳದ ಅಡಿಕೆ ಹಾಳೆಯ ಮೇಲೆ ಬೀಳುವುದು, ಹಳ್ಳದ ಬದಿ, ಪ್ರತಿಯೊಂದೂ ಐದು ನಿಮಿಷ, ಫೋನನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು, ಕೈಯಲ್ಲಿ ಹಿಡಿಯದೆ ಮಣೆಯ ಮೇಲಿಟ್ಟು. ನಡುವೆ ಅಮ್ಮ ಒಳಗಿನಿಂದ ಯಾರನ್ನಾದರೂ ಕರೆದರೆ ಅಳಿಸುವುದು ಬೇಡ. ಪುಸ್ತಕದ ಉಳಿದ ಪುಟಗಳ ಫೋಟೋ ತೆಗೆಯುವಾಗ ಅಂಚು ಕತ್ತರಿಸಿ ಹೋಗದಂತೆ ನೋಡಿಕೊಳ್ಳಲಿ. ಅಡಿಕೆ ಕೊನೆ ಕೊಯ್ಲಿನ ಗಡಿಬಿಡಿ ಮುಗಿದು ಅಜ್ಜ ಜಗಲಿಯಲ್ಲಿ ಕವಳ ಹಾಕಿಕೊಂಡು ಕೂತ ಹೊತ್ತು ನೋಡಿ ಅಪ್ಪ ಒಂದು ಮಾತು ಕೇಳಿ ಬರೆಯಬೇಕು: ಆ ದಿನ ಸಂಕ ಹೋದದ್ದು ಹಗಲಿನಲ್ಲೋ, ದೀಪ ಹಚ್ಚಿದ ಮೇಲೋ, ಮತ್ತು ಹೋದಾಗ ಸದ್ದು ಮನೆಗೆ ಕೇಳಿತೇ.

ಇಂತಿ ನಿಮ್ಮ ಮಗಳು,
ಪುಟ್ಟಿ