ಗಾಜಿನ ಹಂಚಿನ ಕೆಳಗೆ ಶಾನುಭೋಗರು

ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಿಂದ,
ಆಷಾಢದ ಒಂದು ಸಂಜೆ

ಪ್ರಿಯ ಕಿಟ್ಟಿ,

ನಿನ್ನ ಕಚೇರಿಯ ಒಬ್ಬರು ಇಗುವಾನ ಎಂಬ ದೊಡ್ಡ ಓತಿಯನ್ನು ಸಾಕಲು ಹೊರಟಿದ್ದಾರೆಂದೂ, ಅದರ ಗೂಡಿಗೆ ಯಾವ ದೀಪ ಹಾಕಬೇಕೆಂಬುದನ್ನು ಒಂದೇ ಸಾಲಿನಲ್ಲಿ ತಿಳಿಸಬೇಕೆಂದೂ ಬರೆದಿದ್ದೀಯೆ. ಎರಡೇ ತಿಂಗಳ ಮಟ್ಟಿಗೆ ಎಂದು ಶಾನುಭೋಗರನ್ನು ನಮ್ಮ ಜಗಲಿಯಲ್ಲಿ ಇಳಿಸಿ ಬೆಂಗಳೂರಿನ ಬಸ್ಸು ಹತ್ತಿದವನು ನೀನು. ಅವರು ಇಲ್ಲಿ ಕಾಣುತ್ತಿರುವುದು ಇದು ಮೂರನೆಯ ಮಳೆಗಾಲ. ಒಂದೇ ಸಾಲು ಕೇಳುವ ಹಕ್ಕು ನಿನಗೆ ಎಂದೋ ತಪ್ಪಿಹೋಗಿದೆ. ಪತ್ರವನ್ನು ನಾಲ್ಕು ಜನ ಓದುವ ಹಾಗೆ ಇಲ್ಲಿಯೇ ಹಾಕುತ್ತಿದ್ದೇನೆ, ಏಕೆಂದರೆ ನಿನಗೊಬ್ಬನಿಗೇ ಬರೆದರೆ ಕುಂದಾಪುರದ ಕೊಡೆಯ ವಿಷಯದಲ್ಲಿ ಹೇಳಿದಂತೆ "ತಲುಪಲೇ ಇಲ್ಲ" ಎಂದುಬಿಡುತ್ತೀಯೆ.

ನಮ್ಮಿಬ್ಬರ ನಡುವೆ ಇಣುಕುತ್ತಿರುವ ಮೂರನೆಯವರಿಗಾಗಿ ಒಂದು ಮಾತು. ಶಾನುಭೋಗರು ಆಸ್ಟ್ರೇಲಿಯಾದ ಒಳನಾಡಿನ ಒಣಸೀಮೆಗೆ ಸೇರಿದ ಬಿಯರ್ಡೆಡ್ ಡ್ರ್ಯಾಗನ್ ಎಂಬ ಓತಿಯ ಕುಲದವರು. ಅವರನ್ನು ನೋಡಿ ನಮ್ಮ ಕಾಡಿನ ಉಡವನ್ನೋ ನಕ್ಷತ್ರ ಆಮೆಯನ್ನೋ ಮನೆಗೆ ತರುವ ಹುಮ್ಮಸ್ಸು ಯಾರಿಗಾದರೂ ಬಂದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಇಗುವಾನ ವಿದೇಶದ್ದಾದರೂ 2022ರ ತಿದ್ದುಪಡಿಯ ನಂತರ ಅದಕ್ಕೆ ನೋಂದಣಿ ಬೇಕು. ನಿನ್ನ ಸಹೋದ್ಯೋಗಿ ಮೊದಲು ಕಾಗದಪತ್ರ ಕೇಳಲಿ, ದೀಪದ ಮಾತು ಆಮೇಲೆ.

ಕಾವಿನ ವಿಷಯವೇ ಸುಲಭ, ಆದ್ದರಿಂದ ಅದನ್ನು ಮುಗಿಸಿಬಿಡುತ್ತೇನೆ. ಕೋಳಿಮರಿಗಳ ಮೇಲೆ ಬುಟ್ಟಿ ಕವುಚಿ ಅರವತ್ತು ವ್ಯಾಟಿನ ಬಲ್ಬು ತೂಗಿಬಿಡುವುದನ್ನು ನೋಡಿ ಬೆಳೆದ ನಾವು, ಓತಿಗೂ ಅಷ್ಟೇ ಸಾಕೆಂದುಕೊಳ್ಳುತ್ತೇವೆ. ಆದರೆ ಓತಿಗೆ ಬೇಕಾದದ್ದು ಗೂಡಿನ ತುಂಬ ಒಂದೇ ಸಮನಾದ ಬಿಸಿಯಲ್ಲ. ತನ್ನ ಮೈಯ ಕಾವನ್ನು ತಾನೇ ಹುಟ್ಟಿಸಿಕೊಳ್ಳಲಾರದ ಅದು, ಬಿಸಿಯಿಂದ ತಂಪಿಗೂ ತಂಪಿನಿಂದ ಬಿಸಿಗೂ ಸರಿದಾಡಿಯೇ ಅದನ್ನು ಹದಗೊಳಿಸಿಕೊಳ್ಳುತ್ತದೆ. ಹಾಗಾಗಿ ಗೂಡಿನ ಒಂದು ತುದಿಯಲ್ಲಿ ಚಪ್ಪಟೆ ಕಲ್ಲಿಟ್ಟು, ಅದರ ಮೇಲ್ಮೈ 40 ಡಿಗ್ರಿಯ ಆಸುಪಾಸಿಗೆ ಬರುವಂತೆ ಮೇಲಿನಿಂದ ಹ್ಯಾಲೊಜೆನ್ ಬಲ್ಬು ಉರಿಸಬೇಕು. ಇನ್ನೊಂದು ತುದಿ 25ರ ಹತ್ತಿರ ತಣ್ಣಗಿರಬೇಕು. ಇದು ಶಾನುಭೋಗರ ಲೆಕ್ಕ, ಇಗುವಾನಕ್ಕೆ ಕಲ್ಲಿನ ಬಿಸಿ ತುಸು ಕಡಿಮೆ ಸಾಕು. ಬೆಳಕಿಲ್ಲದೆ ಬಿಸಿ ಮಾತ್ರ ಕೊಡುವ ಸೆರಾಮಿಕ್ ಹೀಟರನ್ನು ಚಳಿ ಹೆಚ್ಚಾದ ರಾತ್ರಿಗಳಿಗೆ ಇಟ್ಟುಕೊಳ್ಳಲಿ, ಏಕೆಂದರೆ ಅದರ ಶಾಖ ಚರ್ಮದ ಮೇಲ್ಪದರಕ್ಕೇ ನಿಲ್ಲುತ್ತದೆ, ಹ್ಯಾಲೊಜೆನ್ನಿನದು ಬಿಸಿಲಿನಂತೆ ಸ್ವಲ್ಪ ಒಳಕ್ಕಿಳಿಯುತ್ತದೆ. ಕೆಂಪು ಬಲ್ಬು ಬೇಡ. ಕರೆಂಟಿನಿಂದ ಕಾಯುವ ಕೃತಕ ಕಲ್ಲಂತೂ ಬೇಡವೇ ಬೇಡ; ಹೊಟ್ಟೆಯಡಿ ಸುಡುತ್ತಿರುವುದು ಈ ಪ್ರಾಣಿಗಳಿಗೆ ಬೇಗ ತಿಳಿಯುವುದಿಲ್ಲ. ಕಾವು ಮಿತಿ ಮೀರದಂತೆ ತಡೆಯುವ ಥರ್ಮೋಸ್ಟ್ಯಾಟ್ ಇಲ್ಲದೆ ಏನನ್ನೂ ಹಚ್ಚಕೂಡದು. ಇಷ್ಟೆಲ್ಲ ಸಜ್ಜು ಮಾಡಿದ ಮೇಲೂ ನಮ್ಮೂರಿನಲ್ಲಿ ನಾಲ್ಕು ಹನಿ ಬಿದ್ದರೆ ಕರೆಂಟು ಹೋಗುತ್ತದೆ. ಆಗ ಬಚ್ಚಲ ಹಂಡೆಯ ಬಿಸಿನೀರನ್ನು ಬಾಟಲಿಗೆ ತುಂಬಿ, ಅಪ್ಪಯ್ಯನ ಹಳೆಯ ಪಂಚೆಯಲ್ಲಿ ಸುತ್ತಿ ಗೂಡಿನಲ್ಲಿಡುತ್ತೇನೆ. "ಬಾಣಂತಿಗೂ ಇಷ್ಟು ಮಾಡಿದವರಿಲ್ಲ ಮಾರಾಯ" ಎಂದು ಅಮ್ಮ ಹೇಳುತ್ತಾಳೆ.

ಕಷ್ಟವಿರುವುದು ಕಣ್ಣಿಗೆ ಕಾಣದ ಬೆಳಕಿನಲ್ಲಿ. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳ ಪೈಕಿ 280ರಿಂದ 315 ನ್ಯಾನೊಮೀಟರ್ ನಡುವಿನವನ್ನು ಯುವಿಬಿ ಎನ್ನುತ್ತಾರೆ. ಈ ಕಿರಣ ಚರ್ಮದ ಮೇಲೆ ಬಿದ್ದಾಗ ಅಲ್ಲಿರುವ ಕೊಲೆಸ್ಟರಾಲ್ ಜಾತಿಯ ಒಂದು ವಸ್ತು ಮಾರ್ಪಟ್ಟು, ಆಮೇಲೆ ಮೈಯ ಕಾವಿನಲ್ಲಿ ನಿಧಾನವಾಗಿ ಡಿ3 ಜೀವಸತ್ವವಾಗುತ್ತದೆ. ಕಿರಣವೂ ಕಾವೂ ಒಂದೇ ಕಡೆ ಸಿಗಬೇಕೆನ್ನುವುದು ಇದಕ್ಕಾಗಿಯೇ. ಯುವಿಬಿ ಕೊಡುವ ಟ್ಯೂಬು ಒಂದು ತುದಿಗೆ, ಕಾವಿನ ಬಲ್ಬು ಇನ್ನೊಂದು ತುದಿಗೆ ಹಾಕಿದರೆ ಓತಿ ಕಾವಿನ ಕಡೆಗೇ ಹೋಗಿ ಕೂರುತ್ತದೆ. ಡಿ3 ಇಲ್ಲದಿದ್ದರೆ ತಿಂದ ಸುಣ್ಣದಂಶ ಮೈಗೆ ಹತ್ತುವುದಿಲ್ಲ, ದೇಹವು ತನ್ನ ಮೂಳೆಯನ್ನೇ ಕರಗಿಸಿ ದಿನ ದೂಡುತ್ತದೆ. ಇಂಥ ಪ್ರಾಣಿಗಳಿಗೆ ಟಿ5 ಜಾತಿಯ ಉದ್ದನೆಯ ಯುವಿಬಿ ಟ್ಯೂಬೇ ಮೇಲು, ಗುಂಡನೆಯ ಚಿಕ್ಕ ಬಲ್ಬಿನ ಕಿರಣ ಗೂಡಿನ ಒಂದು ಮೂಲೆಗಷ್ಟೇ ಸಾಲುತ್ತದೆ. ಅಮೆರಿಕದ ಗ್ಯಾರಿ ಫರ್ಗ್ಯೂಸನ್ ಮತ್ತು ಸಂಗಡಿಗರು ಬಯಲಿನಲ್ಲಿ ಓತಿ, ಹಾವುಗಳು ಎಷ್ಟು ಬಿಸಿಲಿಗೆ ಮೈಯೊಡ್ಡುತ್ತವೆಂದು ಅಳೆದು 2010ರಲ್ಲಿ ಅವುಗಳನ್ನು ನಾಲ್ಕು ವಲಯಗಳಾಗಿ ವಿಂಗಡಿಸಿದರು. ಶಾನುಭೋಗರನ್ನು ಮೂರನೆಯ ವಲಯಕ್ಕೆ ಸೇರಿಸುತ್ತಾರೆ. ಕಲ್ಲಿನ ಮೇಲೆ ಕುಳಿತಾಗ ಅವರ ಬೆನ್ನಿಗೆ ಯುವಿ ಸೂಚ್ಯಂಕ, ಅಂದರೆ ನೇರಳಾತೀತ ಕಿರಣದ ತೀವ್ರತೆಯ ಅಳತೆ, 3ರಿಂದ 6ರ ನಡುವೆ ಸಿಗಬೇಕು. ಟ್ಯೂಬಿಗೂ ಓತಿಗೂ ನಡುವೆ ಸಣ್ಣ ಕಣ್ಣಿನ ಜಾಲರಿ ಬಂದರೆ ಕಿರಣದ ಮೂರನೆಯ ಒಂದು ಪಾಲಿನಷ್ಟೋ ಅದಕ್ಕೂ ಹೆಚ್ಚೋ ಸೋರಿಹೋಗುತ್ತದೆ. ಗಾಜು ಬಂದರೆ ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ. ಟ್ಯೂಬಿಗೂ ಆಯುಸ್ಸಿದೆ: ವರ್ಷ ಕಳೆಯುವಷ್ಟರಲ್ಲಿ ಅದರ ಯುವಿಬಿ ಕುಂದಿರುತ್ತದೆ, ಬೆಳಕು ಮಾತ್ರ ಮೊದಲಿನಂತೆಯೇ ಬರುತ್ತಿರುತ್ತದೆ.

ಇಲ್ಲಿಗೆ ನಿಲ್ಲಿಸಿದ್ದರೆ ಪತ್ರ ಚೆನ್ನಾಗಿರುತ್ತಿತ್ತು, ಕಿಟ್ಟಿ.

ನೀನು ಟ್ಯೂಬಿನ ತುದಿಗೆ ಚೀಟಿ ಅಂಟಿಸಿ, ಹಾಕಿದ ತಾರೀಖನ್ನು ನಿನ್ನ ಕೋಳಿಕಾಲಿನ ಅಕ್ಷರದಲ್ಲಿ ಬರೆದಿದ್ದೆ. ಹೋದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಅದಕ್ಕೆ ವರ್ಷ ದಾಟಿತ್ತು. ಚೀಟಿಯನ್ನು ನಾನು ದಿನವೂ ನೋಡುತ್ತಿದ್ದೆ. ಉರಿಯುತ್ತಿರುವ ದೀಪವನ್ನು ಕಿತ್ತೆಸೆಯುವುದು ನಮ್ಮ ಮನೆತನಕ್ಕೆ ಒಗ್ಗದ ಕೆಲಸ. ಸಾಲದ್ದಕ್ಕೆ ಮಳೆಯ ಥಂಡಿ ಒಳಗಿಳಿಯಬಾರದೆಂದು ಹಳೆಯ ಕಿಟಕಿಯ ಗಾಜೊಂದನ್ನು ಗೂಡಿನ ಜಾಲರಿಯ ಮೇಲೆ, ಟ್ಯೂಬಿನ ಕೆಳಗೆ, ನಾನೇ ಕೈಯಾರೆ ಹಾಸಿದೆ. ನವರಾತ್ರಿಯ ಹೊತ್ತಿಗೆ ಶಾನುಭೋಗರ ನಾಲಗೆ ಹುಳಕ್ಕೆ ಗುರಿ ತಪ್ಪತೊಡಗಿತು, ಬೆರಳುಗಳು ಸಣ್ಣಗೆ ಅದುರತೊಡಗಿದವು. ಶಿವಮೊಗ್ಗದ ಪಶುವೈದ್ಯರೊಬ್ಬರು ಎಕ್ಸ್‌ರೇ ನೋಡಿ, ಕೆಳದವಡೆಯನ್ನು ಮೆಲ್ಲಗೆ ಒತ್ತಿ, ನನ್ನ ಬೆರಳನ್ನೂ ಅಲ್ಲಿಗೆ ಹಿಡಿದು ಒತ್ತಿಸಿದರು. ಎಳೆಯ ಅಡಿಕೆಯ ಸಿಪ್ಪೆಯಂತೆ ಅದು ಒಳಕ್ಕೆ ಮಣಿಯಿತು. ಸುಣ್ಣದಂಶದ ಔಷಧಿ ಬರೆದುಕೊಟ್ಟು, ದೀಪಕ್ಕೆ ಎಷ್ಟು ದಿನವಾಯಿತೆಂದು ಕೇಳಿದಾಗ ನಾನು "ಹೆಚ್ಚಾಗಿಲ್ಲ" ಎಂದೆ.

ಅದಾಗಿ ಮೂರನೆಯ ದಿನ ಮಳೆ ಬಿಡುವು ಕೊಟ್ಟು, ನಡುಮನೆಯ ಗಾಜಿನ ಹಂಚಿನಿಂದ ಬಿಸಿಲಕೋಲು ಇಳಿಯಿತು. ನಾವಿಬ್ಬರೂ ಚಿಕ್ಕವರಿದ್ದಾಗ ಅಂಗೈಯಲ್ಲಿ ಹಿಡಿಯಲು ಹೋಗುತ್ತಿದ್ದುದು ಅದೇ ಕೋಲನ್ನು. ಶಾನುಭೋಗರನ್ನು ಅದರಡಿ ಕೂರಿಸಿ, ಗಡ್ಡ ಹೊಳೆಯುವ ಕಡೆಯಿಂದ ಚಿತ್ರ ತೆಗೆದು ಹಾಕಿದೆ. "ಮಲೆನಾಡಿನ ಬಿಸಿಲಿಗೆ ಮೈಯೊಡ್ಡಿದ ಶಾನುಭೋಗರು" ಎಂಬ ಒಕ್ಕಣೆಯನ್ನು ನೀನೇ ನಾಲ್ಕು ಜನಕ್ಕೆ ಹಂಚಿದೆ. ಆ ಹಂಚಿನಿಂದ ಬೆಳಕು ಬರುತ್ತದೆ, ಬಿಸಿಯೂ ಬರುತ್ತದೆ, ಅವರಿಗೆ ಬೇಕಾದ ಕಿರಣ ಮಾತ್ರ ಬರುವುದಿಲ್ಲವೆಂಬುದು ಆಗ ನನಗೆ ಗೊತ್ತಿತ್ತು. ವೈದ್ಯರು ಗಾಜಿನ ವಿಷಯವನ್ನೂ ಹೇಳಿಯೇ ಕಳುಹಿಸಿದ್ದರು. ಮೆತ್ತಗಾದ ದವಡೆ ಕಾಣಬಾರದೆಂದೇ ಆ ಕೋನವನ್ನು ಆರಿಸಿದ್ದೆ. ನಾನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಎನ್ನುವುದಕ್ಕೆ ಚಿತ್ರ ಸಾಕ್ಷಿ, ಓತಿಕ್ಯಾತನಿಗೆ ಬೇಲಿಗೂಟ ಸಾಕ್ಷಿ ಎಂಬಂತೆ. ಇನ್ನೂ ಒಂದಿದೆ, ಬರೆಯಬಾರದೆಂದುಕೊಂಡಿದ್ದೆ. ಆ ವಾರವೇ ಒಂದು ರಾತ್ರಿ ಕರೆಂಟು ಹೋದಾಗ ಬಾಟಲಿಗೆ ನೀರು ತುಂಬಲು ಎದ್ದವನು ಬಚ್ಚಲಿನಲ್ಲಿ ಸುಮ್ಮನೆ ನಿಂತುಬಿಟ್ಟೆ. ಬೆಳಗಾಗುವಷ್ಟರಲ್ಲಿ ಇದು ತಾನಾಗಿಯೇ ಮುಗಿದುಹೋದರೆ ಎಂದು ಯೋಚಿಸಿದೆ. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಹಿಂದಿನಿಂದ ಬಂದ ಅಮ್ಮ ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು, ತಾನೇ ತುಂಬಿ, ತಾನೇ ಸುತ್ತಿ ಇಟ್ಟು ಬಂದಳು. ಆ ರಾತ್ರಿ ಮಾತ್ರ ಬಾಣಂತಿಯ ಮಾತು ಆಡಲಿಲ್ಲ.

ಇರಲಿ. ನೀನು ಗಾಬರಿಯಾಗಿ ರಾತ್ರಿಯ ಬಸ್ಸು ಹತ್ತಬೇಡ, ಇಲ್ಲಿ ನಿನ್ನ ಹಾಸಿಗೆಯಲ್ಲಿ ಈಗ ಅಡಿಕೆ ಮೂಟೆಗಳು ಮಲಗಿವೆ. ಗಾಜು ತೆಗೆದಾಯಿತು, ಹೊಸ ಟ್ಯೂಬು ಬಂತು. ಅಡಿಕೆ ಒಣಹಾಕುವ ತಿಂಗಳುಗಳಲ್ಲಿ ದಿನವೂ ಸ್ವಲ್ಪ ಹೊತ್ತು ಶಾನುಭೋಗರು ಅಂಗಳದ ನಿಜವಾದ ಬಿಸಿಲಿನಲ್ಲಿ, ಪಕ್ಕದಲ್ಲಿ ನೆರಳಿಗೊಂದು ಅಡಿಕೆಹಾಳೆಯೊಂದಿಗೆ ಕುಳಿತಿರುತ್ತಿದ್ದರು. ಗಿಡುಗ ಬಾರದಂತೆ ಅಮ್ಮ ಕೋಲು ಹಿಡಿದು ಕಾಯುತ್ತಿದ್ದಳು. ಮೇಯುವುದರಲ್ಲಿ ಈಗ ಕೊರತೆಯಿಲ್ಲ. ದವಡೆ ಗಟ್ಟಿಯಾಗಿದೆ, ಆದರೆ ಎಡಕ್ಕೆ ಒಂದಿಷ್ಟು ವಾಲಿದಂತೆಯೇ ಗಟ್ಟಿಯಾಗಿದೆ, ಅದು ಇನ್ನು ನೆಟ್ಟಗಾಗುವುದಿಲ್ಲವಂತೆ. ಇದರಿಂದಾಗಿ ಅವರ ಮುಖಕ್ಕೆ ಸದಾ ಲೆಕ್ಕ ತಪ್ಪು ಹಿಡಿದವರ ಕಳೆ ಬಂದಿದೆ. ನಾನು ಎದುರಿಗೆ ಹೋದಾಗಲಂತೂ ಇನ್ನೂ ಹೆಚ್ಚು.

ನಿನ್ನ ಸಹೋದ್ಯೋಗಿಗೆ ಹೇಳು: ಟ್ಯೂಬಿನ ತಾರೀಖನ್ನು ಚೀಟಿಯಲ್ಲಿ ಬರೆದರೆ ಸಾಲದು, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯ ಪಕ್ಕ ಬರೆಯಲಿ, ಅಲ್ಲಿ ಅಮ್ಮಂದಿರು ನೋಡುತ್ತಾರೆ. ಮುಂದಿನ ಟ್ಯೂಬು ಕಾರ್ತಿಕದಲ್ಲಿ ಬದಲಾಗಬೇಕು. ಈ ಸಲದ ದುಡ್ಡು ನಿನ್ನದು, ಹಿಂದಿನದಕ್ಕೆ ಕೊಡೆ ವಜಾ.

ಇಂತಿ ನಿನ್ನ,
ಶಾನುಭೋಗರ ಮನೆಯಾಳು