ಅರ್ಜುನನ ನಡುಕದಲ್ಲಿ ಬಾಣಗಳು

ಪ್ರಿಯ ಪೋಷಕರೇ,

ನಮಸ್ಕಾರ. ಏಳನೇ ತರಗತಿಯ ಇಂಗ್ಲಿಷ್ ಟೆಸ್ಟ್ ಪೇಪರ್ ಮನೆಗೆ ಬಂದಿದೆ. ‘ಕ್ವಿವರ್ ಅಂದ್ರೆ ನಡುಕ ಅಂತ ಸರಿಯಾಗೇ ಬರೆದಿದ್ದಾನೆ, ಅಂಕ ಯಾಕೆ ಕೊಟ್ಟಿಲ್ಲ?’ ಎಂದು ಕೆಲವರು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆಯೇ. ಆದರೆ ಪೇಪರಿನಲ್ಲಿ ಕ್ವಿವರ್ ಪದ ಇದ್ದ ಇಂಗ್ಲಿಷ್ ವಾಕ್ಯ ಮಹಾಭಾರತದ ಅರ್ಜುನನ ಬಗ್ಗೆ. ಸುಮಾರು ಮಕ್ಕಳು ಅದನ್ನು ಕನ್ನಡಕ್ಕೆ ತಂದದ್ದು ಹೀಗೆ: ‘ಅರ್ಜುನನ ನಡುಕದಲ್ಲಿ ತುಂಬಾ ಬಾಣಗಳಿದ್ದವು.’

ಸ್ಟಾಫ್ ರೂಮಿನಲ್ಲಿ ನಾವೆಲ್ಲ ನಕ್ಕಿದ್ದು ನಿಜ. ಆಮೇಲೆ ನೋಡಿದರೆ ತಪ್ಪು ನಮ್ಮದೇ. ನಾವು ಬರೆಸಿದ ಪಟ್ಟಿಯಲ್ಲಿ ಒಂದೇ ಅರ್ಥ ಇತ್ತು. ಕ್ವಿವರ್ ಅಂದರೆ ಬತ್ತಳಿಕೆಯೂ ಹೌದು. ಅದು ಫ್ರೆಂಚಿನ ಕಡೆಯಿಂದ ಬಂದ ಬೇರೆಯೇ ಪದ, ಸ್ಪೆಲಿಂಗ್ ಮಾತ್ರ ಒಂದೇ ಆಗಿಬಿಟ್ಟಿದೆ. ಆ ಪ್ರಶ್ನೆಯ ಅಂಕವನ್ನು ಎಲ್ಲರಿಗೂ ಕೊಡುತ್ತಿದ್ದೇವೆ.

ನಡುಕಕ್ಕೂ ಪಟ್ಟಿ ಸಾಲದು. ಚಳಿಗೆ ನಾವು ಗಡಗಡ ನಡುಗುತ್ತೇವೆ. ಅಳು ಬರುವ ಮುಂಚೆ ತುಟಿ ಅದುರುತ್ತದೆ. ಯಾರೂ ‘ತುಟಿ ಗಡಗಡ ಅಂತು’ ಅನ್ನುವುದಿಲ್ಲ, ಅಲ್ವಾ? ಇಂಗ್ಲಿಷಿನಲ್ಲೂ ಹಾಗೇ. ಚಳಿಗೆ, ಜ್ವರಕ್ಕೆ ಶಿವರ್. ಹೆದರಿಕೆಗೋ ಹೇಸಿಗೆಗೋ ಮೈ ಒಮ್ಮೆ ಝಲ್ಲೆಂದರೆ ಶಡರ್. ಭೂಮಿ ನಡುಗಿದರೆ ಕ್ವೇಕ್. ಕ್ವಿವರ್ ಮಾತ್ರ ಸಣ್ಣಗೆ, ಬೇಗಬೇಗ ಆಗುವ ಅದುರು: ತುಟಿಯದ್ದು, ದನಿಯದ್ದು, ಎಲೆಯದ್ದು.

ನಮ್ಮ ಗೇಟಿನ ಹತ್ತಿರದ ಅರಳಿಕಟ್ಟೆ ನೋಡಿ. ಗಾಳಿ ಇದೆ ಅಂತ ನಮಗೆ ಗೊತ್ತೇ ಆಗಿರುವುದಿಲ್ಲ. ಬೇವು ಸುಮ್ನೆ ನಿಂತಿರುತ್ತದೆ. ಅರಳಿ ಎಲೆಗಳು ಮಾತ್ರ ತುದಿಯವರೆಗೂ ಅದುರುತ್ತಿರುತ್ತವೆ. ಅವುಗಳ ತೊಟ್ಟು ಉದ್ದ, ತೆಳು, ಅದಕ್ಕೇ. ಇಂಗ್ಲಿಷ್ ಮೇಡಂ ಕಳೆದ ವಾರ ಮಕ್ಕಳನ್ನು ಆ ಕಟ್ಟೆಯ ಮೇಲೇ ಕೂರಿಸಿ ಈ ಪದವನ್ನು ಇನ್ನೊಮ್ಮೆ ಹೇಳಿಕೊಟ್ಟರು.

ಇನ್ನೊಂದು ಸಣ್ಣ ವಿಷಯ. ನಾವು ‘ಚಳಿಗೆ’ ನಡುಗುತ್ತೇವಲ್ಲ, ಆ ರೂಢಿಯಲ್ಲೇ ಮಕ್ಕಳು ‘ಶಿವರಿಂಗ್ ಫಾರ್ ಕೋಲ್ಡ್’ ಎಂದು ಬರೆಯುತ್ತಾರೆ. ಅಲ್ಲಿ ‘ವಿತ್ ಕೋಲ್ಡ್’ ಬರಬೇಕು. ಈ ತಪ್ಪು ಈ ಸಲ ಜಾಸ್ತಿ ಪೇಪರುಗಳಲ್ಲಿ ಕಂಡಿದೆ.

ಮನೆಯಲ್ಲಿ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಬೇಡಿ. ಮೊಬೈಲ್ ತೋರಿಸುವ ಮೊದಲನೇ ಅರ್ಥಕ್ಕೇ ನಿಲ್ಲಬೇಡಿ. ‘ಏನು ನಡುಗಿತು? ಯಾಕೆ ನಡುಗಿತು?’ ಅಂತ ಕೇಳಿ. ನಿಮಗೆ ಇಂಗ್ಲಿಷ್ ಬರದಿದ್ದರೂ ಪರವಾಗಿಲ್ಲ, ಕನ್ನಡದಲ್ಲೇ ಕೇಳಿದರಾಯಿತು.

ಪೇಪರಿಗೆ ಸಹಿ ಹಾಕಿ ಸೋಮವಾರ ಕಳಿಸಿ. ಅಂಕ ತಿದ್ದಬೇಕು.

ಇಂತಿ,
ಮುಖ್ಯ ಶಿಕ್ಷಕಿ